ತುಂಗಭದ್ರೆಯ ನೀರುನಾಯಿಗಳು

ಪ್ರಶ್ನೆ: ಜಲತೀರದ ವನ್ಯಜೀವಿಗಳನ್ನು ಕಾಣಲು ಬಳ್ಳಾರಿ ಸೀಮೆಯವರು ಕಾರವಾರದ ಕಡಲಿಗೇ ಹೋಗಬೇಕೆ?
— ಓದುಗರೊಬ್ಬರು, ಕುರುಗೋಡು

ಉತ್ತರ: ಹೋಗಬೇಕಾದುದಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರು ಉದ್ದದ ತುಂಗಭದ್ರೆಯ ಪಾತ್ರವನ್ನು ಸರಕಾರವು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿರುವುದರಿಂದ, ತಮ್ಮ ನೆರೆಯಲ್ಲಿಯೇ ಆ ಭಾಗ್ಯವುಂಟು. ಪ್ರಾತಃಕಾಲದಲ್ಲಿ ದಡದ ಬಂಡೆಯೊಂದರ ಮರೆಯಲ್ಲಿ ನಿಶ್ಶಬ್ದರಾಗಿ ಕುಳಿತು ನಿರೀಕ್ಷಿಸುವವರಿಗೆ, ನುಣುಪು ರೋಮದ, ಚಪ್ಪಟೆ ಬಾಲದ ಈ ಜೀವಿಗಳು ಗುಂಪುಗೂಡಿ ಮೀನುಗಳನ್ನು ಅಟ್ಟುವುದೂ, ಹಿಡಿದುದನ್ನು ಮುಂಗಾಲುಗಳಲ್ಲಿ ಒತ್ತಿಕೊಂಡು ತಿನ್ನುವುದೂ ಗೋಚರಿಸೀತು. ಪ್ರಾಣಿಯೇ ಕಾಣದಿದ್ದರೂ, ಬಂಡೆಯ ಮೇಲಣ ಮೀನಿನ ಹುರುಪೆ ತುಂಬಿದ ಹಿಕ್ಕೆಯು ಅದರ ಸಂಚಾರಕ್ಕೆ ಸಾಕ್ಷಿ. ಆದರೆ ಮರಿಗಳಿರುವ ಬಿಲದ ಸಮೀಪಕ್ಕೆ ಸುಳಿಯಬೇಡಿರಿ. ಮರಳುಗಾರಿಕೆಯಿಂದಲೂ ಸಿಡಿಮದ್ದಿನ ಮೀನುಬೇಟೆಯಿಂದಲೂ ನೊಂದಿರುವ ಈ ಜೀವಿಗಳಿಗೆ ನಮ್ಮ ಕುತೂಹಲವು ಮತ್ತೊಂದು ಉಪದ್ರವವಾಗಬಾರದು.