ಒಂದನೇ ಪ್ರೋಸೆಸ್‌ಗೆ ಕಿಲ್ ಯಾಕೆ ನಾಟಲ್ಲ?

ಓಎಸ್ ಲ್ಯಾಬಲ್ಲಿ ‘ಕಿಲ್ -9’ ಕಲಿತ ದಿನ ನಾವೆಲ್ಲ ಮಾಡೋ ಮೊದಲ ಕಿತಾಪತಿ ಒಂದೇ. ರೂಟ್ ಆಗಿ ‘ಕಿಲ್ -9 1’ ಹೊಡೆಯೋದು! ಏನೂ ಆಗಲ್ಲ, ಎರರ್ ಕೂಡ ಬರಲ್ಲ. ಸಿಸ್ಟಮ್‌ಡಿ ಆರಾಮಾಗಿ ಓಡ್ತಾನೇ ಇರುತ್ತೆ.

ಲಿನಕ್ಸ್ ಬೂಟ್ ಆಗುವಾಗ ಕರ್ನಲ್ ಶುರು ಮಾಡೋ ಮೊದಲ ಯೂಸರ್ ಪ್ರೋಸೆಸ್‌ನ ನಂಬರ್ 1. ಪೇರೆಂಟ್ ಸತ್ತು ಅನಾಥವಾದ ಪ್ರೋಸೆಸ್‌ಗಳು ಸಾಮಾನ್ಯವಾಗಿ ಇದರ ಮಡಿಲಿಗೇ ಬರುತ್ತವೆ. ಅವು ಜೋಂಬಿಗಳಾಗಿ ಉಳಿಯದ ಹಾಗೆ ಲೆಕ್ಕ ಚುಕ್ತಾ ಮಾಡೋದೂ ಇದೇ. ಇದು ಸತ್ತರೆ ‘ಅಟೆಂಪ್ಟೆಡ್ ಟು ಕಿಲ್ ಇನಿಟ್’ ಅಂತ ಕರ್ನಲ್ ಪ್ಯಾನಿಕ್, ಇಡೀ ಮಷೀನ್ ಬಂದ್. ಅದಕ್ಕೇ ಕರ್ನಲ್ ಇದಕ್ಕೊಂದು ವಿನಾಯಿತಿ ಕೊಟ್ಟಿದೆ: 1 ತಾನೇ ಹ್ಯಾಂಡ್ಲರ್ ಹಾಕಿಕೊಂಡಿರೋ ಸಿಗ್ನಲ್ ಮಾತ್ರ ಅದಕ್ಕೆ ತಲುಪುತ್ತೆ. ಬೇರೆ ಪ್ರೋಸೆಸ್‌ಗಳು ಹ್ಯಾಂಡ್ಲರ್ ಇಲ್ಲದಿದ್ರೆ ಸಿಗ್‌ಟರ್ಮ್‌ಗೆ ಸಾಯುತ್ತವೆ, 1 ಸಾಯಲ್ಲ. ಸಿಗ್‌ಕಿಲ್‌ಗಂತೂ ಯಾರೂ ಹ್ಯಾಂಡ್ಲರ್ ಬರೆಯೋ ಹಾಗಿಲ್ಲ, ಹಾಗಾಗಿ ಅದು ಸೀದಾ ಕಸದಬುಟ್ಟಿಗೆ.

ಇದು ಬರೀ ವೈವಾ ಪ್ರಶ್ನೆ ಅಂದ್ಕೊಂಡಿದ್ದೆ. ಉಚ್ಚಂಗಿದುರ್ಗದ ಹತ್ರ ನಮ್ಮ ಮೆಕ್ಕೆಜೋಳದ ಹೊಲದಲ್ಲಿ ಮಣ್ಣಿನ ತೇವ ಅಳೆಯೋ ಸೆನ್ಸರ್ ಇಟ್ಟಿದ್ದೆ. ಪೈಥಾನ್ ಪ್ರೋಗ್ರಾಂ ರೀಡಿಂಗ್‌ಗಳನ್ನ ಮೆಮೊರಿಯಲ್ಲಿ ಇಟ್ಕೊಂಡು, ನಿಲ್ಲಿಸಿದಾಗ ‘ಫೈನಲಿ’ ಬ್ಲಾಕಲ್ಲಿ ಫೈಲ್‌ಗೆ ಬರೀತಿತ್ತು. (ಈ ಡಿಸೈನ್ ನೋಡಿ ನಗಬೇಡಿ.) ಕಂಟ್ರೋಲ್-ಸಿ ಒತ್ತಿದ್ರೆ ಸರಿಯಾಗೇ ಸೇವ್ ಆಗ್ತಿತ್ತು, ಯಾಕಂದ್ರೆ ಸಿಗ್‌ಇಂಟ್‌ಗೆ ಪೈಥಾನೇ ಹ್ಯಾಂಡ್ಲರ್ ಹಾಕಿರುತ್ತೆ. ಆಮೇಲೆ ಸ್ಟೈಲಾಗಿ ಅದನ್ನ ಡಾಕರ್ ಕಂಟೇನರ್‌ಗೆ ಹಾಕಿದೆ.

ಕಂಟೇನರ್ ಒಳಗೆ ನಂಬರ್‌ಗಳು ಮತ್ತೆ 1ರಿಂದಲೇ ಶುರು. ಅಲ್ಲಿ 1 ಅಂದ್ರೆ ನನ್ನ ಪ್ರೋಗ್ರಾಂ! ‘ಡಾಕರ್ ಸ್ಟಾಪ್’ ಮೊದಲು ಸಿಗ್‌ಟರ್ಮ್ ಕಳಿಸುತ್ತೆ. ಪೈಥಾನ್ ಅದಕ್ಕೆ ಹ್ಯಾಂಡ್ಲರ್ ಹಾಕಿರಲ್ಲ, ಆದ್ದರಿಂದ ಕರ್ನಲ್ ಅದನ್ನ ಬಿಸಾಕಿತು. 10 ಸೆಕೆಂಡ್ ಕಾದು ಡಾಕರ್ ಸಿಗ್‌ಕಿಲ್ ಹೊಡೀತು. ಒಳಗಿನಿಂದ ಬಂದಿದ್ರೆ ಇದೂ ನಾಟ್ತಿರ್ಲಿಲ್ಲ, ಹೊರಗಿನ ನೇಮ್‌ಸ್ಪೇಸಿಂದ ಬಂದಿದ್ದಕ್ಕೆ ನಾಟಿತು. ‘ಫೈನಲಿ’ ಓಡಲೇ ಇಲ್ಲ. ಎಕ್ಸಿಟ್ ಕೋಡ್ 137, ಅಂದ್ರೆ 128 + 9. ರಾತ್ರಿಯ ರೀಡಿಂಗ್ ಪೂರ್ತಿ ಮಾಯ.

‘--ಇನಿಟ್’ ಆಪ್ಷನ್ ಕೊಟ್ರೆ ಟಿನಿ ಅನ್ನೋ ಪುಟ್ಟ ಪ್ರೋಗ್ರಾಂ 1 ಆಗಿ ನಿಂತು ಸಿಗ್ನಲ್ ದಾಟಿಸುತ್ತೆ. ಆದ್ರೆ ಆಗ ನನ್ನ ಪ್ರೋಗ್ರಾಂ ಮಾಮೂಲಿ ಪ್ರೋಸೆಸ್ ಥರ ತಟ್ಟಂತ ಸಾಯುತ್ತೆ, ಡೇಟಾ ಆಗಲೂ ಹೋಗುತ್ತೆ, 10 ಸೆಕೆಂಡ್ ಉಳಿಯುತ್ತೆ ಅಷ್ಟೆ. ಕೊನೆಗೆ ಸಿಗ್‌ಟರ್ಮ್ ಬಂದ್ರೆ ‘ಸಿಸ್ಟಮ್ ಎಕ್ಸಿಟ್’ ಎಬ್ಬಿಸೋ ಮೂರು ಸಾಲಿನ ಹ್ಯಾಂಡ್ಲರ್ ಬರೆದೆ. ಈಗ ಸ್ಟಾಪ್ ಅಂದ ಕೂಡ್ಲೇ ಫೈಲ್ ಬರೆದು ನಿಲ್ಲುತ್ತೆ.

ಮರುದಿನ ಅಪ್ಪ ಫೋನ್ ಮಾಡಿ, “ರಾತ್ರಿ ಹನಿ ಬಿದ್ದಿತ್ತಲ್ಲ, ಹಸಿ ಎಷ್ಟು ಇಳಿದೈತಿ ನೋಡಿ ಹೇಳಪ್ಪ” ಅಂದ್ರು. ಹಾರೆ ತಗೊಂಡು ಅಗೆದು ನೋಡಿ ಅಂದೆ.