ಎರಡು ಊರು, ಒಂದು ವೋಟು

2024ರ ಮಾರ್ಚ್‌ನಲ್ಲಿ ನಮ್ಮ ತಂಡದ ಕ್ಯಾಲಿಫೋರ್ನಿಯಾದ ಗೆಳೆಯ ಮೀಟಿಂಗ್ ನಡುವೆ, 'ಪ್ರೈಮರಿಗೆ ವೋಟು ಹಾಕಿಯಾಯಿತು' ಎಂದ. ಮತಗಟ್ಟೆಗೆ ಹೋಗಿರಲಿಲ್ಲ. ಅಲ್ಲಿ ಮತಪತ್ರ ಮನೆಗೇ ಅಂಚೆಯಲ್ಲಿ ಬರುತ್ತದೆ. ಗುರುತು ಹಾಕಿ, ಲಕೋಟೆಗೆ ಸಹಿ ಮಾಡಿ ಕಳಿಸಿದರಾಯಿತು. ಅದೂ ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂಬುದಕ್ಕೆ!

ನಮ್ಮೂರಲ್ಲೂ ಒಮ್ಮೆ ಪ್ರೈಮರಿ ನಡೆದಿದೆ ಎಂದರೆ ಅವನು ನಂಬಲಿಲ್ಲ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಈ ಪ್ರಯೋಗ ಮಾಡಿತ್ತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಮತದಾನ ಪಕ್ಷದ ಪದಾಧಿಕಾರಿಗಳು, ಪ್ರತಿನಿಧಿಗಳಿಗಷ್ಟೇ; ಅಪ್ಪನಂಥವರು ಪೇಪರಿನಲ್ಲಿ ಓದಿದ್ದೇ ಬಂತು. ಅಲ್ಲಿ ಸಿ. ನಾರಾಯಣಸ್ವಾಮಿ, ನಮ್ಮಲ್ಲಿ ಜನಾರ್ದನ ಪೂಜಾರಿ ಗೆದ್ದರು. ಅಸಲಿ ಚುನಾವಣೆಯಲ್ಲಿ ಡಿ.ವಿ. ಸದಾನಂದ ಗೌಡ, ನಳಿನ್ ಕುಮಾರ್ ಕಟೀಲ್ ಎದುರು ಇಬ್ಬರೂ ಸೋತರು.

ಆ ಲಕೋಟೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಪುರಸೈವಾಕ್ಕಂನಲ್ಲಿ ಏಳು ವರ್ಷದಿಂದ ಬಾಡಿಗೆಗಿದ್ದೇನೆ. ಹೆಸರಿರುವುದು ಬಂಟ್ವಾಳದ ಪಟ್ಟಿಯಲ್ಲಿ. ನಮ್ಮಲ್ಲಿ ಅಂಚೆ ಮತ ಸೈನಿಕರಿಗೆ, ಚುನಾವಣಾ ಸಿಬ್ಬಂದಿಗೆ, 85 ದಾಟಿದವರಿಗೆ, ಶೇ 40ರಷ್ಟಾದರೂ ಅಂಗವೈಕಲ್ಯ ಇರುವವರಿಗೆ. ಹೊಟ್ಟೆಪಾಡಿಗೆ ಊರು ಬಿಟ್ಟವರಿಗಿಲ್ಲ. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತದಾನ ನಡೆಸಬಲ್ಲ ಯಂತ್ರದ ಮಾದರಿ ತೋರಿಸಲು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳನ್ನು ಕರೆದಿತ್ತು. ವಿರೋಧ ಪಕ್ಷಗಳು ಒಪ್ಪಲಿಲ್ಲ. ಎಂಜಿನಿಯರಾಗಿ ನನಗೆ ಯಂತ್ರ ಕಷ್ಟವೆನಿಸುವುದಿಲ್ಲ. ಬಂಟ್ವಾಳದ ಅಭ್ಯರ್ಥಿಗೆ ಚೆನ್ನೈ ಮತಗಟ್ಟೆಯಲ್ಲಿ ಏಜೆಂಟ್ ಆಗಿ ಕೂರುವವರು ಯಾರು? ಕಷ್ಟ ಅಲ್ಲಿದೆ.

ಏಪ್ರಿಲ್ 19ಕ್ಕೆ ಚೆನ್ನೈಯಲ್ಲಿ ಮತದಾನ. ಕಚೇರಿಗೆ ರಜೆ, ನಾನು ಒಂಬತ್ತರವರೆಗೆ ಮಲಗಿದೆ. 26ಕ್ಕೆ ಊರಲ್ಲಿ. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮಿನ ಪ್ರಕಾರ ಮತದಾನದ ದಿನ ಸಂಬಳಸಹಿತ ರಜೆ ಇದೆ. ಕ್ಷೇತ್ರದ ಹೊರಗೆ ದುಡಿಯುವವರಿಗೂ ಉಂಟು ಎಂದು ಆಯೋಗ ಹೇಳುತ್ತದೆ. ಮ್ಯಾನೇಜರಿಗೆ ಕಲಮು ಓದಿ ಹೇಳಿದೆ. ನಕ್ಕು ರಜೆ ಕೊಟ್ಟರು. ಮಂಗಳೂರು ಮೇಲ್‌ನಲ್ಲಿ ವೇಟಿಂಗ್ ಲಿಸ್ಟ್. ಬೆಂಗಳೂರಿಗೊಂದು ಬಸ್ಸು, ಅಲ್ಲಿಂದ ಶಿರಾಡಿ ಇಳಿಯಲು ಇನ್ನೊಂದು. ಬೆರಳಿಗೆ ಮಸಿ ಹಾಕಿಸಿಕೊಂಡು, ಊಟ ಮಾಡಿ, ಅದೇ ಸಂಜೆ ವಾಪಸ್.

ಎರಡು ಕಡೆ ಹೆಸರಿಟ್ಟುಕೊಳ್ಳುವುದು ಕಾನೂನಿನ ಪ್ರಕಾರ ತಪ್ಪು. ಸ್ಥಳಾಂತರಕ್ಕೆ ನಮೂನೆ 8 ಇದೆ, ಮೊಬೈಲಿನಲ್ಲೇ ತುಂಬಬಹುದು. ನಮ್ಮ ಬೀದಿಯ ಚರಂಡಿ ಮಳೆಗಾಲದಲ್ಲಿ ಉಕ್ಕಿ ಮೆಟ್ಟಿಲಿಗೆ ಬರುವಾಗ ಇಲ್ಲಿ ಯಾರನ್ನು ಕೇಳಲಿ ನಾನು? ಅಪ್ಪನಿಗೆ ಹೇಳಿದರೆ, 'ಪಟ್ಟಿಯಿಂದ ಹೆಸರು ತೆಗೆಸಿದರೆ ಮತ್ತೆ ನೀನು ಈ ಊರಿಗೆ ನೆಂಟ ಮಾರಾಯ' ಎನ್ನುತ್ತಾರೆ.

ನಮೂನೆ ತುಂಬಿಸಿದ್ದೇನೆ. ಗ್ಯಾಸ್ ಪುಸ್ತಕದ ಫೋಟೋ ಸೇರಿಸುವುದೊಂದು ಬಾಕಿ.