ಹಿತ್ತಲಿನ ಕುಂಡಗಳಲ್ಲಿ ಕಳ್ಳಿಯ ತೋಟ

ಬೆಂಗಳೂರಿನಲ್ಲಿ 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿದ ಬಳಿಕ ಹಿತ್ತಲೆಂದು ಉಳಿಯುವುದು ಸಾಮಾನ್ಯವಾಗಿ ಬಟ್ಟೆ ಒಗೆಯುವ ಕಲ್ಲು, ಸಂಪಿನ ಮುಚ್ಚಳ ಮತ್ತು ಕಾಂಪೌಂಡ್ ಗೋಡೆಗಳ ನಡುವಿನ ಕೆಲವೇ ಅಡಿ ಅಗಲದ ಪಟ್ಟಿಯಾಗಿದ್ದು, ಅಲ್ಲಿಯೂ ನೆಲಕ್ಕೆ ಸಿಮೆಂಟ್ ಹಾಕಿರುವುದರಿಂದ ಮಡಿ ಮಾಡಿ ಗಿಡ ಬೆಳೆಸಲು ಅವಕಾಶವಿರುವುದಿಲ್ಲ. ಇಂತಹ ಜಾಗಕ್ಕೆ ಕಳ್ಳಿ ಮತ್ತು ಸಕ್ಯುಲೆಂಟ್‌ಗಳ ಕುಂಡದ ತೋಟ ಬಹಳ ಚೆನ್ನಾಗಿ ಒಪ್ಪುತ್ತದೆ. ಆದರೆ ನೀರು ಬೇಡ, ಆರೈಕೆಯೂ ಬೇಡ ಎಂಬ ನಂಬಿಕೆಯಿಂದ ಈ ಗಿಡಗಳನ್ನು ಮನೆಗೆ ತರುವವರು ಅರ್ಧ ಸತ್ಯವನ್ನಷ್ಟೇ ಅರಿತಿರುತ್ತಾರೆ. ಬರವನ್ನು ತಾಳಿಕೊಳ್ಳುವ ಈ ಸಸ್ಯಗಳಿಗೆ ನಮ್ಮ ನಾಡಿನಲ್ಲಿ ಬೇಸಿಗೆಯ ಬಿಸಿಲಿಗಿಂತ, ಜೂನ್‌ನಿಂದ ಅಕ್ಟೋಬರ್‌ವರೆಗೆ ಬಿಟ್ಟುಬಿಟ್ಟು ಸುರಿಯುವ ಮಳೆಯೇ ದೊಡ್ಡ ಅಪಾಯವಾಗಿದ್ದು, ಕುಂಡ, ಮಣ್ಣು, ಜಾಗ ಇವೆಲ್ಲವನ್ನೂ ಆ ಮಳೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರಿಸಬೇಕಾಗುತ್ತದೆ.

ಎಲೆ, ಕಾಂಡ ಅಥವಾ ಬೇರಿನಲ್ಲಿ ನೀರನ್ನು ಕೂಡಿಟ್ಟುಕೊಂಡು ದಪ್ಪಗಾಗುವ ಸಸ್ಯಗಳನ್ನೆಲ್ಲ ಸಕ್ಯುಲೆಂಟ್ ಅಥವಾ ರಸಭರಿತ ಸಸ್ಯಗಳೆಂದು ಕರೆಯುತ್ತಾರೆ. ಲೋಳೆಸರ, ಕಾಡುಬಸಳೆ, ಮಂಗರವಳ್ಳಿ ಇವೆಲ್ಲ ಕನ್ನಡಿಗರ ಹಿತ್ತಲಿಗೆ ಹಳೆಯ ಪರಿಚಯದ ರಸಭರಿತ ಸಸ್ಯಗಳೇ ಆಗಿವೆ. ಕ್ಯಾಕ್ಟಸ್ ಎಂಬುದು ಈ ದೊಡ್ಡ ಗುಂಪಿನೊಳಗಿನ ಒಂದು ಕುಟುಂಬ ಮಾತ್ರ. ಒಂದೇ ಒಂದು ಪ್ರಭೇದವನ್ನು ಬಿಟ್ಟರೆ ಅದರ ಸದಸ್ಯರೆಲ್ಲರ ತವರು ಅಮೆರಿಕ ಖಂಡಗಳು. ಬೇಲಿಯಲ್ಲಿ ಬೆಳೆಯುವ, ಗೀರಿದರೆ ಹಾಲು ಸುರಿಸುವ ಚದುರಗಳ್ಳಿ, ಕೊಂಬುಗಳ್ಳಿಗಳನ್ನು ಕನ್ನಡದಲ್ಲಿ ಕಳ್ಳಿಯೆಂದೇ ಕರೆದರೂ ಅವು ಯುಫೋರ್ಬಿಯಾ ಎಂಬ ಬೇರೆಯೇ ಕುಲಕ್ಕೆ ಸೇರಿದವು. ಎರಡನ್ನೂ ಬೇರ್ಪಡಿಸಿ ಗುರುತಿಸಲು ಮುಳ್ಳಿನ ಬುಡವನ್ನು ನೋಡಿದರೆ ಸಾಕು: ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಏರಿಯೋಲ್ ಎಂಬ, ಹತ್ತಿಯ ಚಿಕ್ಕ ಗುಂಡಿಯಂತಿರುವ ಮೆತ್ತೆಯಿಂದ ಹೊರಡುತ್ತವೆ, ಹೂವೂ ಅಲ್ಲಿಂದಲೇ ಅರಳುತ್ತದೆ, ಯುಫೋರ್ಬಿಯಾದಲ್ಲಿ ಆ ಮೆತ್ತೆ ಇರುವುದಿಲ್ಲ.

ಇವು ಬದುಕುವ ಬಗೆಯನ್ನು ವಿಜ್ಞಾನ ಅರಿತುಕೊಂಡ ಕಥೆಯಲ್ಲಿ ಬೆಂಗಳೂರಿಗೂ ಒಂದು ನಂಟಿದೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಬಳಿಕ ಲಾಲ್‌ಬಾಗಿನ ಉಸ್ತುವಾರಿ ವಹಿಸಿಕೊಂಡಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೇಯ್ನ್, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿದ್ದು ಮಧ್ಯಾಹ್ನದ ಹೊತ್ತಿಗೆ ಸಪ್ಪೆಯಾಗಿ ಸಂಜೆಗೆ ತುಸು ಕಹಿಯಾಗುವುದನ್ನು ನಾಲಿಗೆಯಿಂದಲೇ ಪರೀಕ್ಷಿಸಿ ಲಂಡನ್ನಿನ ಲಿನ್ನಿಯನ್ ಸೊಸೈಟಿಗೆ ಪತ್ರ ಬರೆದನು. ಅದು 1815ರಲ್ಲಿ ಪ್ರಕಟವಾಯಿತು. ಆ ಹುಳಿಯ ಕಾರಣ ತಿಳಿದದ್ದು ಬಹುಕಾಲದ ನಂತರ. ಸಾಮಾನ್ಯ ಸಸ್ಯಗಳು ಎಲೆಯ ಸೂಕ್ಷ್ಮ ಬಾಯಿಗಳಾದ ಪತ್ರರಂಧ್ರಗಳನ್ನು ಹಗಲಿನಲ್ಲಿ ತೆರೆದರೆ, ಇವು ನೀರು ಆವಿಯಾಗಿ ಹೋಗದಂತೆ ಹಗಲಿಡೀ ಮುಚ್ಚಿಟ್ಟು ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ಆಗ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನ ಬಿಸಿಲು ಬಂದಾಗ ಆ ಆಮ್ಲವನ್ನು ಒಡೆದು ಆಹಾರ ತಯಾರಿಸಿಕೊಳ್ಳುತ್ತವೆ. ಕಾಡುಬಸಳೆಯ ಕುಟುಂಬವಾದ ಕ್ರಾಸುಲೇಸಿಯ ಹೆಸರಿನಿಂದಲೇ ಈ ಕ್ರಿಯೆಯನ್ನು ಕ್ರಾಸುಲೇಸಿಯ ಆಮ್ಲ ಚಯಾಪಚಯ ಎಂದು ಕರೆಯಲಾಗಿದೆ. ಹೀಗೆ ಹನಿಹನಿಯನ್ನೂ ಉಳಿಸಿಕೊಳ್ಳುವ ಗಿಡದ ಬುಡದಲ್ಲಿ ದಿನಗಟ್ಟಲೆ ತೇವ ನಿಂತರೆ, ಗಾಳಿಯಾಡದ ಮಣ್ಣಿನಲ್ಲಿ ಬೇರು ಉಸಿರುಗಟ್ಟಿ, ಶಿಲೀಂಧ್ರ ತಗಲಿ ಕೊಳೆಯತೊಡಗುತ್ತದೆ.

ಆದ್ದರಿಂದ ಕುಂಡದ ಆಯ್ಕೆಯಲ್ಲಿ ಅಂದಕ್ಕಿಂತ ಮೊದಲು ತಳದ ತೂತನ್ನು ನೋಡಬೇಕು. ಬಣ್ಣ ಬಳಿಯದ ಸುಟ್ಟ ಮಣ್ಣಿನ ಕುಂಡದ ಗೋಡೆಯ ಮೂಲಕವೂ ತೇವ ಆರುವುದರಿಂದ ಮಳೆಯ ಊರುಗಳಿಗೆ ಅದೇ ಉತ್ತಮ. ಬೇಸಿಗೆಯ ಬಿಸಿ ಹೆಚ್ಚಿರುವ ಕಲಬುರಗಿ, ರಾಯಚೂರಿನಂತಹ ಕಡೆ ಮಾತ್ರ ಮಣ್ಣಿನ ಕುಂಡ ತೀರ ಬೇಗ ಒಣಗುವುದರಿಂದ ಪ್ಲಾಸ್ಟಿಕ್ ಅಥವಾ ಸಿಮೆಂಟಿನ ಕುಂಡವೂ ನಡೆಯುತ್ತದೆ. ಹೆಚ್ಚಿನ ಸಕ್ಯುಲೆಂಟ್‌ಗಳ ಬೇರು ಆಳಕ್ಕಿಳಿಯದೆ ಮೇಲ್ಪದರದಲ್ಲೇ ಹರಡುವುದರಿಂದ ಅಗಲವಾದ, ಆಳ ಕಡಿಮೆಯಿರುವ ಕುಂಡ ಸಾಕು. ಗಿಡಕ್ಕಿಂತ ಎರಡು ಬೆರಳು ಹೆಚ್ಚು ಅಗಲವಿದ್ದರೆ ಸರಿಹೋಗುತ್ತದೆ, ತೀರ ದೊಡ್ಡದಾದರೆ ಬೇರು ಹೀರದ ತೇವ ಉಳಿದುಬಿಡುತ್ತದೆ. ನೀರು ಬಸಿಯಲೆಂದು ತಳದಲ್ಲಿ ಜಲ್ಲಿಯ ದಪ್ಪ ಪದರ ಹಾಕುವ ರೂಢಿ ವ್ಯಾಪಕವಾಗಿದ್ದರೂ ಅದರಿಂದ ಉಪಯೋಗಕ್ಕಿಂತ ಹಾನಿಯೇ ಹೆಚ್ಚು. ನಯವಾದ ಮಣ್ಣು ಪೂರ್ತಿ ನೆನೆಯುವವರೆಗೂ ನೀರು ಕೆಳಗಿನ ದೊಡ್ಡ ಸಂದುಗಳಿಗೆ ಇಳಿಯುವುದಿಲ್ಲವಾದ್ದರಿಂದ, ತೇವದ ಪದರ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಮಣ್ಣು ಸೋರದಂತೆ ತೂತಿನ ಮೇಲೆ ಒಂದು ಬೋಕಿ ಇಟ್ಟರೆ ಸಾಕು, ಬಸಿಯುವ ಗುಣ ಮಣ್ಣಿನಲ್ಲೇ ಇರಬೇಕು.

ಅದಕ್ಕಾಗಿ ಒಂದು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಬಟಾಣಿ ಗಾತ್ರದ ಇಟ್ಟಿಗೆ ಚೂರು, ಅರ್ಧ ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ ಇವುಗಳನ್ನು ಬೆರೆಸಿ, ಒಂದೆರಡು ಹಿಡಿ ಇದ್ದಿಲಿನ ಚೂರು ಸೇರಿಸಬಹುದು. ಮರಳಿನ ಬದಲು ಎಂ-ಸ್ಯಾಂಡ್ ಬಳಸುವುದಾದರೆ ಅದರ ನುಣ್ಣನೆಯ ಪುಡಿಯನ್ನು ತೊಳೆದು ತೆಗೆಯಬೇಕು, ಇಲ್ಲವಾದರೆ ಅದು ಸಂದುಗಳಲ್ಲಿ ಕೂತು ಗಾರೆಯಂತೆ ಗಟ್ಟಿಯಾಗುತ್ತದೆ. ಒದ್ದೆ ಮಾಡಿದ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಉಂಡೆಯಾಗಿ ನಿಲ್ಲದೆ ಉದುರಿದರೆ ಹದ ಸರಿಯಿದೆ ಎಂದರ್ಥ.

ನೀರು ಹಾಕುವಾಗ ತಳದಿಂದ ಹರಿಯುವಷ್ಟು ಹಾಕಿ, ಆಮೇಲೆ ಮಣ್ಣು ಪೂರ್ತಿ ಒಣಗುವವರೆಗೆ ಕಾಯಬೇಕು. ವಾರಕ್ಕೊಮ್ಮೆ ಎಂಬಂತಹ ಲೆಕ್ಕಕ್ಕಿಂತ, ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಆಳಕ್ಕೆ ಚುಚ್ಚಿ, ಅದಕ್ಕೆ ತೇವದ ಮಣ್ಣು ಅಂಟಿದೆಯೇ ಎಂದು ನೋಡುವುದು ನಂಬಬಹುದಾದ ಕ್ರಮ. ನೀರು ಸಾಲದ ಎಲೆ ಸುಕ್ಕುಗಟ್ಟುತ್ತದೆ, ಮತ್ತೆ ನೀರು ಸಿಕ್ಕರೆ ತುಂಬಿಕೊಳ್ಳುತ್ತದೆ. ನೀರು ಹೆಚ್ಚಾದ ಎಲೆ ಮೆತ್ತಗಾಗಿ, ಬೆಳಕು ಹಾಯುವಂತಾಗಿ, ಮುಟ್ಟಿದರೆ ಕಳಚಿ ಬೀಳುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಿದರೆ ಬೇರಿಗೆ ಕೊಳೆ ಬರುವುದಲ್ಲದೆ ಡೆಂಗಿ ಹರಡುವ ಸೊಳ್ಳೆಯೂ ಮರಿಮಾಡುತ್ತದೆ.

ಒಂದೇ ಅಗಲವಾದ ಕುಂಡದಲ್ಲಿ ಹಲವು ಗಿಡ ನೆಡುವಾಗ ಬಣ್ಣ, ಆಕಾರಗಳ ಹೊಂದಾಣಿಕೆಗಿಂತ ಮೊದಲು ಅವುಗಳ ನೀರು, ಬಿಸಿಲಿನ ಹದ ಒಂದೇ ಆಗಿದೆಯೇ ಎಂದು ನೋಡಬೇಕು. ಎಚೆವೇರಿಯಾ ಮತ್ತು ಗುಂಡು ಕ್ಯಾಕ್ಟಸ್‌ಗಳಿಗೆ ದಿನಕ್ಕೆ ನಾಲ್ಕೈದು ಗಂಟೆಯ ಬೆಳಗಿನ ಬಿಸಿಲು ಬೇಕು, ಅದು ಸಿಗದಿದ್ದರೆ ಅವು ಬೆಳಕು ಹುಡುಕುತ್ತ ಸಣಕಲಾಗಿ ಉದ್ದವಾಗುತ್ತವೆ. ಹಾವೋರ್ತಿಯಾ ಗೋಡೆಯ ನೆರಳಿನಲ್ಲಿಯೇ ಸುಖವಾಗಿರುತ್ತದೆ. ಕನ್ನಡಿಗರು ಬ್ರಹ್ಮಕಮಲವೆಂದು ಕರೆದು, ರಾತ್ರಿ ಅರಳುವಾಗ ನೆರೆಹೊರೆಯವರನ್ನೆಲ್ಲ ಕರೆದು ತೋರಿಸುವ ಗಿಡವೂ ಕ್ಯಾಕ್ಟಸ್ಸೇ ಆಗಿದೆಯಾದರೂ, ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಅದಕ್ಕೆ ಎಲೆಗೊಬ್ಬರ ಹೆಚ್ಚಿರುವ ಮಣ್ಣು, ನೆರಳು ಮತ್ತು ಹೆಚ್ಚು ನೀರು ಬೇಕಾದ್ದರಿಂದ ಅದರ ಕುಂಡ ಬೇರೆಯೇ ಇರಬೇಕು. ನರ್ಸರಿಗಳಲ್ಲಿ ಮನಸೆಳೆಯುವ ಕೆಂಪು, ಹಳದಿ ಗುಂಡಿನ ಮೂನ್ ಕ್ಯಾಕ್ಟಸ್ ಹಸಿರು ವರ್ಣಕವಿಲ್ಲದೆ, ಕಸಿ ಮಾಡಿದ ಹಸಿರು ಕಾಂಡದ ಆಹಾರದಿಂದ ಬದುಕುವ ಗಿಡ. ಅದಕ್ಕೆ ಸಾಮಾನ್ಯವಾಗಿ ಕೆಲವೇ ವರ್ಷಗಳ ಆಯುಷ್ಯವೆಂದು ತಿಳಿದೇ ಕೊಳ್ಳಬೇಕು.

ಮುಳ್ಳಿನ ಗಿಡವನ್ನು ಕುಂಡದಿಂದ ಎತ್ತಲು ಹಳೆಯ ಪತ್ರಿಕೆಯನ್ನು ನಾಲ್ಕೈದು ಮಡಿಕೆಯ ಪಟ್ಟಿ ಮಾಡಿ ಸುತ್ತಿ ಹಿಡಿಯುವುದು ಸುಲಭದ ದಾರಿ. ಪಾಪಾಸುಕಳ್ಳಿಯ ದೊಡ್ಡ ಮುಳ್ಳಿಗಿಂತ ಅದರ ಬುಡದ ಕೂದಲಿನಂತಹ ಕೊಕ್ಕೆಮುಳ್ಳುಗಳು ಹೆಚ್ಚು ಕಾಡುತ್ತವೆ. ಯುಫೋರ್ಬಿಯಾದ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಹಾನಿಯಾಗುವುದರಿಂದ ಮಕ್ಕಳಿರುವ ಮನೆಯಲ್ಲಿ ಅದನ್ನು ಕೈಗೆ ಸಿಗದಂತೆ ಇಡಬೇಕು. ಹಿಟ್ಟು ತಿಗಣೆ ಕಂಡರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಆರಂಭದಲ್ಲೇ ತಡೆಯಬಹುದು.

ಬುಡ ಕೊಳೆತ ಗಿಡವನ್ನೂ ಎಸೆಯಬೇಕಿಲ್ಲ. ಶುದ್ಧವಾದ ಚಾಕುವಿನಿಂದ ಕಂದು ಬಣ್ಣದ ಕಲೆಯೇ ಕಾಣದಂತಹ ಒಳ್ಳೆಯ ಭಾಗ ಸಿಗುವವರೆಗೆ ಕತ್ತರಿಸಿ, ಗಾಯ ಒಣಗಿ ಹಕ್ಕಳೆಗಟ್ಟುವಂತೆ ಒಂದು ವಾರ ನೆರಳಿನಲ್ಲಿಟ್ಟು, ಒಣ ಮರಳಿನಲ್ಲಿ ಊರಿದರೆ ಅನೇಕ ಬಾರಿ ಹೊಸ ಬೇರು ಬರುತ್ತದೆ. ಮೊದಲ ಮಳೆ ಬೀಳುವ ಮುನ್ನ ಕುಂಡಗಳನ್ನು ಸಜ್ಜೆಯ ಕೆಳಗೋ ಪಾರದರ್ಶಕ ಶೀಟಿನ ಕೆಳಗೋ ಸರಿಸಿ, ಗಾಳಿಯಾಡುವಂತೆ ಇಟ್ಟಿಗೆಗಳ ಮೇಲೆ ಎತ್ತಿಡುವುದನ್ನು ಪ್ರತಿವರ್ಷ ಮೇ ತಿಂಗಳಲ್ಲೇ ಮುಗಿಸಿಕೊಳ್ಳಬೇಕು.